ಕೀಟಗಳ ಮ್ಯಾಕ್ರೋ ಛಾಯಾಗ್ರಹಣ

ಕೀಟಗಳ ಮ್ಯಾಕ್ರೋ ಛಾಯಾಗ್ರಹಣವು ಕೀಟಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ಅತಿ ಸಮೀಪದಿಂದ ಚಿತ್ರಿಸುವ ವನ್ಯಜೀವಿ ಛಾಯಾಗ್ರಹಣದ ಒಂದು ಶಾಖೆ. ಸಂಯುಕ್ತ ಕಣ್ಣು, ರೆಕ್ಕೆಯ ಹುರುಪೆ, ಕುಡಿಮೀಸೆ ಮೊದಲಾದ ಸೂಕ್ಷ್ಮ ರಚನೆಗಳು ಇಂತಹ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಇದಕ್ಕೆ ದಟ್ಟ ಅರಣ್ಯವೇ ಬೇಕೆಂದಿಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳ ಹಿತ್ತಲು ಮತ್ತು ಉದ್ಯಾನಗಳಲ್ಲಿಯೂ ಇದನ್ನು ಕೈಗೊಳ್ಳಬಹುದು.

ತಾಂತ್ರಿಕ ಅಂಶಗಳು

ಕ್ಯಾಮೆರಾದ ಸಂವೇದಕದ ಮೇಲೆ ಮೂಡುವ ಬಿಂಬದ ಗಾತ್ರಕ್ಕೂ ಕೀಟದ ನಿಜವಾದ ಗಾತ್ರಕ್ಕೂ ಇರುವ ಅನುಪಾತವನ್ನು ವರ್ಧನೆ ಎನ್ನುತ್ತಾರೆ. 1:1 ವರ್ಧನೆಯಲ್ಲಿ 10 ಮಿ.ಮೀ. ಉದ್ದದ ಕೀಟವು ಸಂವೇದಕದ ಮೇಲೆಯೂ 10 ಮಿ.ಮೀ. ಉದ್ದವಾಗಿ ಮೂಡುತ್ತದೆ. ಈ ಹಂತದಲ್ಲಿ 36×24 ಮಿ.ಮೀ. ಸಂವೇದಕದ ಕ್ಯಾಮೆರಾದಲ್ಲಿ ಎಫ್/8 ದ್ಯುತಿರಂಧ್ರ ಬಳಸಿದರೆ ಸ್ಪಷ್ಟವಾಗಿ ಕಾಣುವ ಆಳವು ಸುಮಾರು 1 ಮಿ.ಮೀ. ಮಾತ್ರ. ದ್ಯುತಿರಂಧ್ರವನ್ನು ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ. ಆದರೆ ಬೆಳಕಿನ ವಿವರ್ತನೆಯಿಂದ ಚಿತ್ರದ ತೀಕ್ಷ್ಣತೆ ಕುಂದುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಕೀಟದ ದೇಹಕ್ಕೆ ಸಮಾನಾಂತರವಾಗಿ ಹಿಡಿಯುವುದು ಅಥವಾ ಬೇರೆಬೇರೆ ಫೋಕಸ್‌ನಲ್ಲಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ಅನ್ನು ಬಳಸುವುದು ರೂಢಿ.

ಮ್ಯಾಕ್ರೋ ಮಸೂರ ಇಲ್ಲದವರು ಮಸೂರ ಮತ್ತು ಕ್ಯಾಮೆರಾ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಜೋಡಿಸುತ್ತಾರೆ. 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ಟ್ಯೂಬ್ ಸೇರಿಸಿದರೆ ಸುಮಾರು 1:2 ವರ್ಧನೆ ದೊರೆಯುತ್ತದೆ.

ನೆಲೆ ಮತ್ತು ಸಮಯ

ಕೀಟಗಳ ದೇಹದ ಉಷ್ಣತೆಯು ಬಹುಮಟ್ಟಿಗೆ ಪರಿಸರವನ್ನು ಅವಲಂಬಿಸಿರುತ್ತದೆ. ಮುಂಜಾನೆಯ ತಂಪಿನಲ್ಲಿ ಅವುಗಳ ಚಲನೆ ಮಂದವಾಗಿರುವುದರಿಂದ ಆ ಹೊತ್ತು ಚಿತ್ರೀಕರಣಕ್ಕೆ ಅನುಕೂಲಕರ. ಮನೆಯಂಗಳದ ನಿಂಬೆ ಗಿಡದಲ್ಲಿ ನಿಂಬೆ ಚಿಟ್ಟೆಯ ಜೀವನಚಕ್ರವನ್ನು ಹಂತಹಂತವಾಗಿ ದಾಖಲಿಸಬಹುದು. ಇದರ ಎಳೆಯ ಮರಿಹುಳು ಹಕ್ಕಿಯ ಹಿಕ್ಕೆಯಂತೆ ಕಂಡು ಶತ್ರುಗಳ ಕಣ್ಣು ತಪ್ಪಿಸುತ್ತದೆ. ಬಲಿತ ಮೇಲೆ ಹಸಿರು ಬಣ್ಣ ತಳೆಯುತ್ತದೆ. ಕೆಣಕಿದಾಗ ತಲೆಯ ಹಿಂದಿನಿಂದ ಕವಲೊಡೆದ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಬಸವನಗುಡಿಗೆ ಹೊಂದಿಕೊಂಡಿರುವ, ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಹಾಗೂ ಬ್ಯೂಗಲ್ ರಾಕ್ ಉದ್ಯಾನಗಳ ಮರಗಿಡಗಳೂ ಅನೇಕ ಕೀಟಗಳಿಗೆ ನೆಲೆಯಾಗಿವೆ.

ಅಧ್ಯಯನದಲ್ಲಿ ಉಪಯೋಗ

ಮ್ಯಾಕ್ರೋ ಚಿತ್ರಗಳು ಜೀವಿಯನ್ನು ಕೊಲ್ಲದೆ ಗುರುತಿಸಲು ನೆರವಾಗುತ್ತವೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ಅನುಕರಿಸುವ ಒಂದು ಜಿಗಿಯುವ ಜೇಡವು ತನ್ನ ಮುಂಗಾಲುಗಳನ್ನು ಕುಡಿಮೀಸೆಯಂತೆ ಎತ್ತಿ ನಡೆಯುತ್ತದೆ. ಸಮೀಪದ ಚಿತ್ರದಲ್ಲಿ ಎಂಟು ಕಾಲು ಮತ್ತು ಮುಂಭಾಗದ ಎರಡು ದೊಡ್ಡ ಕಣ್ಣುಗಳು ಕಂಡಾಗ ಅದು ಕೀಟವಲ್ಲ, ಜೇಡ ಎಂಬುದು ತಿಳಿಯುತ್ತದೆ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರು ದಕ್ಷಿಣ ಭಾರತದ ಚಿಟ್ಟೆಗಳ ಕುರಿತು 1998ರಲ್ಲಿ ಪ್ರಕಟವಾದ ಕೈಪಿಡಿಯ ಸಹಲೇಖಕರಲ್ಲಿ ಒಬ್ಬರು. ಸ್ಥಳ ಮತ್ತು ದಿನಾಂಕ ನಮೂದಿಸಿದ ಚಿತ್ರಗಳು ಪ್ರಭೇದಗಳ ವ್ಯಾಪ್ತಿ ಹಾಗೂ ಹಾರಾಟದ ಋತುವನ್ನು ಅರಿಯಲು ಸಹಾಯಕ.

ನೈತಿಕ ಮಿತಿಗಳು

ಕೀಟವನ್ನು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವುದು, ಅಂಟಿನಿಂದ ಕೂರಿಸುವುದು, ಬೇರೆ ಗಿಡಕ್ಕೆ ಸ್ಥಳಾಂತರಿಸುವುದು ಜೀವಿಗೆ ಹಾನಿಕರವಾಗಬಲ್ಲವು. ಜೊತೆಗೆ ಚಿತ್ರದ ದಾಖಲೆಯ ಮೌಲ್ಯವನ್ನೂ ಕೆಡಿಸುತ್ತವೆ. ಉದಾಹರಣೆಗೆ, ಬೇರೆ ಗಿಡದ ಮೇಲೆ ಇರಿಸಿ ತೆಗೆದ ಮರಿಹುಳುವಿನ ಚಿತ್ರವು ಅದರ ಆಹಾರಸಸ್ಯದ ಬಗ್ಗೆ ತಪ್ಪು ಮಾಹಿತಿ ನೀಡಬಹುದು. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಪ್ಪಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯು ಫೋಕಸ್ ಸ್ಟ್ಯಾಕಿಂಗ್‌ಗೆ ಅವಕಾಶ ನೀಡುತ್ತದೆ. ಆದರೆ ಚಿತ್ರಕ್ಕೆ ಹೊಸ ಅಂಶಗಳನ್ನು ಸೇರಿಸುವುದನ್ನು ನಿಷೇಧಿಸುತ್ತದೆ. ಭಾರತದಲ್ಲಿ ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.