ಗಾಜಿನೊಳಗಣ ಎಳೆ

ಗಾಜು ಒಡೆಯುವ ವಸ್ತುವೆಂಬುದನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಲೋಟವೊಂದು ಕೈತಪ್ಪಿದರೆ ಮನೆಯ ಮಕ್ಕಳಿಗೂ ಆ ಪಾಠವಾಗುತ್ತದೆ. ಆದರೆ ಅದು ಅಷ್ಟು ಸುಲಭವಾಗಿ ಒಡೆಯುವುದೇಕೆ, ಅದಕ್ಕೆ ಬಲವನ್ನು ಕೊಡುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ಆ ವೃತ್ತಾಂತವನ್ನು ಸಂಗ್ರಹವಾಗಿ ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ನಮ್ಮ ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುವುದುಂಟು. ಒಣಗುವಾಗ ಮಣ್ಣು ಬಿರಿಯದಂತೆ ಹುಲ್ಲಿನ ಎಳೆಗಳು ಅದನ್ನು ಹಿಡಿದಿರುತ್ತವೆ. ಇದಕ್ಕೆ ಹೋಲುವ ಉಪಾಯವನ್ನು ಗಾಜಿನಲ್ಲಿ ಹೂಡಿದವರು ಅಮೆರಿಕದ ಫಿಲಡೆಲ್ಫಿಯ ನಗರದ ಫ್ರಾಂಕ್ ಷೂಮನ್. ಕಾದು ಮೆತ್ತಗಾದ ಗಾಜಿನೊಳಕ್ಕೆ ತಂತಿಯ ಬಲೆಯನ್ನು ಒತ್ತಿ ಹುದುಗಿಸುವ ವಿಧಾನಕ್ಕೆ ಅವರು ೧೮೯೨ರಲ್ಲಿ ಪೇಟೆಂಟ್ ಪಡೆದರು. ಬೆಂಕಿ ಬಿದ್ದಾಗ ಈ ಗಾಜು ಬಿರಿದರೂ ಚೂರುಗಳು ಉದುರದೆ ತಂತಿಯನ್ನು ಹಿಡಿದು ನಿಲ್ಲುತ್ತಿದ್ದುವು. ಜ್ವಾಲೆಗೆ ಹಾಯಲು ದಾರಿ ಸಿಕ್ಕುತ್ತಿರಲಿಲ್ಲ. ಕಾರ್ಖಾನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಅದು ಬಳಕೆಗೆ ಬಂದಿತು.

ತಂತಿಯಿರುವ ಗಾಜು ಹೆಚ್ಚು ಗಟ್ಟಿಯೆಂದು ಜನ ಬಗೆದರು. ನಿಜಸ್ಥಿತಿ ಬೇರೆ. ಪೆಟ್ಟು ಬಿದ್ದರೆ ಅದು ಅದೇ ದಪ್ಪದ ಸಾದಾ ಗಾಜಿಗಿಂತಲೂ ಬೇಗ ಒಡೆಯುತ್ತದೆ. ಒಡೆದ ಮೇಲೆ ತಂತಿಯ ತುದಿಗಳು ಕೈಯನ್ನು ಸೀಳುತ್ತವೆ. ಬಾಗಿಲ ಗಾಜಿಗೆ ಕೈಕೊಟ್ಟ ವಿದ್ಯಾರ್ಥಿಗಳು ಗಾಯಗೊಂಡ ಸಂಗತಿಗಳು ಬೆಳಕಿಗೆ ಬಂದು, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಟ್ಟಡ ನಿಯಮಗಳು ಅಂಥ ಎಡೆಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿದುವು. ಚೂರುಗಳನ್ನು ಹಿಡಿದಿಡುವುದು ಬೇರೆ, ಬಲವನ್ನು ಕೊಡುವುದು ಬೇರೆ.

ಬಲದ ರಹಸ್ಯವನ್ನು ಬಿಡಿಸಿದವರು ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿನ ವಿಮಾನ ಸಂಶೋಧನಾಲಯದ ಎ. ಎ. ಗ್ರಿಫಿತ್. ಅವರು ಗಾಜನ್ನು ಎಳೆಗಳಾಗಿ ಸೆಳೆದು, ಒಂದೊಂದನ್ನೂ ಜಗ್ಗಿ ನೋಡಿದರು. ಅಂಗುಲದ ಇಪ್ಪತ್ತೈದರಲ್ಲೊಂದು ಪಾಲು ದಪ್ಪದ ಕಡ್ಡಿ ಚದರ ಅಂಗುಲಕ್ಕೆ ೨೪,೯೦೦ ಪೌಂಡು ಸೆಳೆತಕ್ಕೆ ತುಂಡಾಯಿತು. ಅಂಗುಲದ ಸುಮಾರು ೭,೭೦೦ರಲ್ಲೊಂದು ಪಾಲಿನಷ್ಟು ತೆಳುವಾದ ಎಳೆಯಾದರೋ ೪,೯೧,೦೦೦ ಪೌಂಡನ್ನು ತಾಳಿತು. ಗಾಜು ಅದೇ, ಬಲ ಮಾತ್ರ ಸುಮಾರು ಇಪ್ಪತ್ತು ಮಡಿ! ಗಾಜು ಸ್ವಭಾವತಃ ದುರ್ಬಲವಲ್ಲ, ಅದರಲ್ಲಿ ಅಡಗಿರುವ ಕಣ್ಣಿಗೆ ಕಾಣದ ಬಿರುಕುಗಳೇ ಅದನ್ನು ಕೆಡಿಸುತ್ತವೆ ಎಂದು ೧೯೨೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ತೋರಿಸಿಕೊಟ್ಟರು. ಬಿರುಕಿನ ತುದಿಯಲ್ಲಿ ಸೆಳೆತವೆಲ್ಲ ಒಟ್ಟುಗೂಡುತ್ತದೆ. ಒಮ್ಮೆ ಹೊರಟ ಬಿರುಕನ್ನು ತಡೆಯುವುದು ಗಾಜಿನಲ್ಲಿ ಏನೂ ಇಲ್ಲ.

ಹಾಗಾದರೆ ತಡೆಯೊಂದನ್ನು ಒಡ್ಡಬೇಕು. ಅದಕ್ಕೆ ಬೇಕಾದ ಸಾಧನ ಅದೇ ಫಾರ್ನ್‌ಬರೋದಲ್ಲಿ ೧೯೬೦ರ ದಶಕದಲ್ಲಿ ಸಿದ್ಧವಾಯಿತು. ತಲೆಗೂದಲಿಗಿಂತ ಎಷ್ಟೋ ತೆಳುವಾದ, ಬಹಳ ಬಲವುಳ್ಳ ಇಂಗಾಲದ ಎಳೆಯೇ ಅದು. ಹಾರ್ವೆಲ್‌ನ ಪರಮಾಣು ಸಂಶೋಧನಾಲಯದ ವಿಜ್ಞಾನಿಗಳು ಆ ಎಳೆಗಳಿಗೆ ನುಣ್ಣನೆಯ ಗಾಜಿನ ಪುಡಿಯ ಕದಡನ್ನು ಹಿಡಿಸಿ, ಪದರಪದರವಾಗಿ ಜೋಡಿಸಿ, ಕಾಯಿಸಿ ಒತ್ತಿದರು. ೧೯೭೨ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳು ಆಶ್ಚರ್ಯಕರವಾಗಿದ್ದುವು. ಈ ಗಾಜನ್ನು ಮುರಿಯಲು ಸಾದಾ ಗಾಜಿಗಿಂತ ನೂರಾರು ಮಡಿ ಹೆಚ್ಚು ಶಕ್ತಿ ವ್ಯಯವಾಗುತ್ತಿತ್ತು.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಎಳೆಯೂ ಗಾಜೂ ಬಿಗಿಯಾಗಿ ಬೆಸೆದುಕೊಂಡರೆ ಬಿರುಕು ಎಳೆಯನ್ನೂ ಕತ್ತರಿಸಿಕೊಂಡು ಹೋಗುತ್ತದೆ. ಹಿಡಿತ ಹದವಾಗಿ ಸಡಿಲವಾಗಿದ್ದರೆ ಬಿರುಕು ಎಳೆಯ ಬಳಿ ಪಕ್ಕಕ್ಕೆ ತಿರುಗುತ್ತದೆ. ಎಳೆ ಗಾಜಿನೊಡನೆ ಉಜ್ಜಾಡುತ್ತ ಈಚೆಗೆ ಬರುವಾಗ ಪೆಟ್ಟಿನ ಶಕ್ತಿ ಆ ಘರ್ಷಣೆಯಲ್ಲಿ ಕರಗುತ್ತದೆ. ಬಲ ಬಂದದ್ದು ಬಿಗಿಯಿಂದಲ್ಲ, ಹದದಿಂದ.

ಕುಂದುಗಳಿಲ್ಲದೆ ಇಲ್ಲ. ಹೆಚ್ಚು ಕಾವಿನಲ್ಲಿ ಗಾಳಿ ತಗುಲಿದರೆ ಇಂಗಾಲದ ಎಳೆ ಉರಿದುಹೋಗುತ್ತದೆ. ೧೯೭೫ರಲ್ಲಿ ಜಪಾನಿನ ಸೆಯಿಷಿ ಯಾಜಿಮಾ ಅವರು ಸಿಲಿಕನ್ ಕಾರ್ಬೈಡಿನ ಎಳೆಯನ್ನು ತಯಾರಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಇನ್ನೊಂದು ನಷ್ಟ ಮಾತ್ರ ಉಳಿಯಿತು: ಇಂಥ ಎಳೆ ತುಂಬಿದ ಗಾಜು ಕಪ್ಪಾಗಿರುತ್ತದೆ, ಅದರ ಮೂಲಕ ಏನೂ ಕಾಣದು. ಆದ್ದರಿಂದ ಅದು ಕಿಟಕಿಗೆ ಒದಗಲಿಲ್ಲ. ಕಾವನ್ನೂ ಪೆಟ್ಟನ್ನೂ ಒಟ್ಟಿಗೆ ತಾಳಬೇಕಾದ ಯಂತ್ರಭಾಗಗಳ ಕಡೆಗೆ ಸಂಶೋಧಕರು ಅದನ್ನು ತಿರುಗಿಸಿದರು. ಗಾಜು ತನ್ನ ಬೆಳಕನ್ನು ತೆತ್ತು ಬಲವನ್ನು ಕೊಂಡಿತು.