ಬೂದು ಬಣ್ಣದ ಕನಸು

1993ರಲ್ಲಿ ದೂರದರ್ಶನದಲ್ಲಿ 'ಅಲಿಫ್ ಲೈಲಾ' ಶುರುವಾದಾಗ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಪಕ್ಕದ ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳೆಲ್ಲ ಕೂತು ನೋಡುತ್ತಿದ್ದೆವು. ಒಂದು ದಿನ ದಾದಿಯೂ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಸಿಂದಬಾದನ ಏಳೂ ಸಫರು, ಅಮೀರ್ ಹಂಝಾನ ದಾಸ್ತಾನು ಅವರ ಬಾಯಲ್ಲಿದ್ದವು. ಪರದೆಯ ಮೇಲೆ ಹೊಗೆ ಎದ್ದು ಜಿನ್ನು ಗಹಗಹಿಸಿ ನಕ್ಕಾಗ ನಾವೆಲ್ಲ ಕಿರುಚಿದೆವು. ದಾದಿ ಮಾತ್ರ ಸೆರಗು ಸರಿಮಾಡಿಕೊಂಡು ಎದ್ದುಬಿಟ್ಟರು. 'ಯೇ ವೋ ಜಿನ್ ನೈ ಬೇಟಾ' ಎಂದರು. ಇದು ಆ ಜಿನ್ನಲ್ಲವಂತೆ. ಮತ್ತೆ ಅವರು ಆ ಧಾರಾವಾಹಿ ನೋಡಲಿಲ್ಲ.

ಕೇಳಿದ ಕಥೆಯನ್ನೋ ಓದಿದ ಪುಸ್ತಕವನ್ನೋ ಟೀವಿಯಲ್ಲಿ ನೋಡಿ ನಿರಾಶರಾಗುವುದು ಹೊಸದೇನಲ್ಲ. ಜಿನ್ನಿನ ಕೊಂಬು ರಟ್ಟಿನದು, ಆಕಾಶನೌಕೆ ತಗಡಿನ ಡಬ್ಬಿಯಂತಿದೆ ಎಂದು ನಕ್ಕು ಮರೆತುಬಿಡುತ್ತೇವೆ. ಆದರೆ ಕೆಲವು ನಿರಾಶೆಗಳು ಹಾಗೆ ಮರೆಯುವಂಥವಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ ಅವರ ಕೃತಿಗಳು ಟೀವಿಗೆ ಬಂದ ಚರಿತ್ರೆಯಲ್ಲಿ ಅಂಥದೊಂದು ಇದೆ. ಅದನ್ನು ಇಲ್ಲಿ ಹೇಳಬೇಕೆನ್ನಿಸಿತು. ಅದು ಅಮೆರಿಕದ ಮಾತೇ ಹೌದು. ಆದರೂ ಓದುವಾಗ ನಮಗೆ ನಮ್ಮ ಓಣಿ ನೆನಪಾಗದೆ ಇರಲಿಲ್ಲ.

ಮೊದಲು 1971ರಲ್ಲಿ ಪ್ರಕಟವಾದ 'ದಿ ಲೇತ್ ಆಫ್ ಹೆವನ್' ಎಂಬ ವಿಜ್ಞಾನ ಕಾದಂಬರಿಯ ವಿಷಯ. ಅದರ ಹೆಸರಿನ ಹಿಂದೆ ಒಂದು ತಮಾಷೆ ಇದೆ. 'ಸ್ವರ್ಗದ ಲೇತು' ಎಂಬ ಮಾತನ್ನು ಲೆ ಗ್ವಿನ್ ತೆಗೆದುಕೊಂಡದ್ದು ಪ್ರಾಚೀನ ಚೀನೀ ತತ್ವಜ್ಞಾನಿ ಚುವಾಂಗ್ ತ್ಸು ಬರಹದ ಇಂಗ್ಲಿಷ್ ಅನುವಾದದಿಂದ. ಅನುವಾದಕ ಜೇಮ್ಸ್ ಲೆಗ್. ಚುವಾಂಗ್ ತ್ಸುವಿನ ಕಾಲದ ಚೀನಾದಲ್ಲಿ ಲೇತು ಯಂತ್ರವೇ ಇರಲಿಲ್ಲ, ಅದು ಅನುವಾದದ ತಪ್ಪು ಎಂದು ಚೀನೀ ವಿಜ್ಞಾನದ ಇತಿಹಾಸಕಾರ ಜೋಸೆಫ್ ನೀಡ್‌ಹ್ಯಾಮ್ ಆಮೇಲೆ ಆಕೆಗೆ ತಿಳಿಸಿದರು. ಉರ್ದುವಿನಿಂದ ಕನ್ನಡಕ್ಕೆ ಆಗಾಗ ಕೈಯಾಡಿಸುವ ನಮಗೆ ಇದು ಸಮಾಧಾನದ ಸಂಗತಿ. ಒಂದು ತಪ್ಪು ಅನುವಾದದಿಂದಲೂ ಒಳ್ಳೆಯ ಕಾದಂಬರಿಗೆ ಒಳ್ಳೆಯ ಹೆಸರು ಸಿಕ್ಕಿತಲ್ಲ!

ಕಥೆ ನಡೆಯುವುದು ಲೆ ಗ್ವಿನ್ ಬಾಳಿ ಬದುಕಿದ ಪೋರ್ಟ್‌ಲ್ಯಾಂಡ್ ನಗರದಲ್ಲಿ. ಜಾರ್ಜ್ ಆರ್ ಎಂಬ ಸಾಧಾರಣ ನೌಕರನಿಗೆ ಒಂದು ವಿಚಿತ್ರ ಪೀಡೆ. ಅವನು ಕಾಣುವ ಕೆಲವು ಕನಸುಗಳು ನಿಜವಾಗಿಬಿಡುತ್ತವೆ. ನಿಜವಾಗುವುದೆಂದರೆ ನಾಳೆ ಆಗುವುದಲ್ಲ, ಮೊದಲಿನಿಂದಲೂ ಹಾಗೆಯೇ ಇತ್ತೆಂಬಂತೆ ಲೋಕದ ನಿನ್ನೆಗಳೇ ಬದಲಾಗುವುದು. ಹೆದರಿದ ಅವನನ್ನು ಹೇಬರ್ ಎಂಬ ಮನೋವೈದ್ಯನ ಬಳಿಗೆ ಕಳಿಸುತ್ತಾರೆ. ಹೇಬರ್ ಕೆಟ್ಟವನಲ್ಲ. ಲೋಕಕ್ಕೆ ಒಳ್ಳೆಯದು ಮಾಡಬೇಕೆಂಬ ಹಂಬಲದವನು. ಅವನು ಆರ್‌ನನ್ನು ಮಲಗಿಸಿ ಇಂಥ ಕನಸು ಕಾಣು ಎಂದು ಸೂಚಿಸುತ್ತಾನೆ. ಜನಸಂಖ್ಯೆಯ ಸಮಸ್ಯೆ ತೀರಲಿ ಎಂದರೆ ಮಹಾಮಾರಿಯೊಂದು ಕೋಟಿಕೋಟಿ ಜನರನ್ನು ಮೊದಲೇ ಕೊಂದುಹಾಕಿರುತ್ತದೆ. ಮನುಷ್ಯರ ನಡುವೆ ಯುದ್ಧ ಬೇಡ ಎಂದರೆ ಅನ್ಯಗ್ರಹದವರ ದಾಳಿ ಶುರುವಾಗಿರುತ್ತದೆ. ಬಣ್ಣದ ಜಗಳ ಮುಗಿಯಲಿ ಎಂದ ದಿನ ಆರ್ ಎದ್ದು ನೋಡಿದರೆ ಲೋಕದ ಎಲ್ಲ ಮನುಷ್ಯರ ಚರ್ಮವೂ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಕರಿಯರಿಲ್ಲ, ಬಿಳಿಯರಿಲ್ಲ, ಜಗಳವೂ ಇಲ್ಲ.

ಆರ್‌ಗೆ ಹೆದರ್ ಲಲಾಶ್ ಎಂಬ ವಕೀಲೆಯ ಮೇಲೆ ಪ್ರೀತಿ. ಆಕೆಯ ತಂದೆ ಕರಿಯ, ತಾಯಿ ಬಿಳಿಯಳು. ಬೂದು ಲೋಕದಲ್ಲಿ ಆರ್ ಅವಳನ್ನು ಹುಡುಕುತ್ತಾನೆ, ಸಿಗುವುದಿಲ್ಲ. ಅವಳ ಕಂದು ಬಣ್ಣ, ಅವಳ ಸಿಟ್ಟು, ಚುರುಕು ಮಾತು ಎಲ್ಲವೂ ಆ ಇಬ್ಬರು ತಂದೆತಾಯಿಯ ಕಥೆಯಿಂದ ಹುಟ್ಟಿದವು. ಆ ಕಥೆಯೇ ಇಲ್ಲದ ಲೋಕದಲ್ಲಿ ಅವಳು ಹುಟ್ಟುವುದಾದರೂ ಹೇಗೆ? ಆರ್ ಅವಳನ್ನು ಮತ್ತೆ ಕನಸಿ ತರುತ್ತಾನೆ. ಬಂದವಳು ಬೂದು ಬಣ್ಣದವಳು, ಮೆತ್ತಗಿನವಳು. ಅವಳಲ್ಲ.

ಈ ಕಾದಂಬರಿಯನ್ನು ಅಮೆರಿಕದ ಸಾರ್ವಜನಿಕ ಪ್ರಸಾರ ಸಂಸ್ಥೆ ಪಿಬಿಎಸ್‌ಗಾಗಿ ನ್ಯೂಯಾರ್ಕಿನ ಡಬ್ಲ್ಯೂಎನ್‌ಇಟಿ ಕೇಂದ್ರ ಟೆಲಿಚಿತ್ರವಾಗಿ ಮಾಡಿತು. ನಿರ್ದೇಶಕರು ಡೇವಿಡ್ ಲಾಕ್ಸ್‌ಟನ್ ಮತ್ತು ಫ್ರೆಡ್ ಬಾರ್ಜಿಕ್. ಪ್ರಸಾರವಾದದ್ದು 1980ರ ಜನವರಿಯಲ್ಲಿ. ಖರ್ಚು ಸುಮಾರು 2.5 ಲಕ್ಷ ಡಾಲರ್ ಎನ್ನುತ್ತಾರೆ, ಅಲ್ಲಿನ ಲೆಕ್ಕದಲ್ಲಿ ಬೀದಿನಾಟಕದ ದುಡ್ಡು. ಭವಿಷ್ಯದ ನಗರದ ಸೆಟ್ ಹಾಕುವ ಗೋಜಿಗೆ ಹೋಗದೆ ಡಲ್ಲಾಸಿನ ಹೊಸ ಕಟ್ಟಡಗಳ ನಡುವೆಯೇ ಚಿತ್ರೀಕರಿಸಿದರು. ಲೆ ಗ್ವಿನ್‌ರನ್ನು ಜೊತೆಯಲ್ಲಿಟ್ಟುಕೊಂಡು ಪಾತ್ರಗಳ ಆಯ್ಕೆಯಿಂದ ಹಿಡಿದು ಎಲ್ಲದಕ್ಕೂ ಅವರ ಮಾತು ಕೇಳಿದರು. ಹೆದರ್ ಪಾತ್ರಕ್ಕೆ ಕರಿಯ ನಟಿ ಮಾರ್ಗರೆಟ್ ಎವರಿ ಬಂದರು. ಇಂದಿನ ಹುಡುಗರು ನೋಡಿದರೆ ಅದರ ಕೈಚಳಕಗಳಿಗೆ ನಕ್ಕಾರು. ಆದರೆ ಅಂದು ನೋಡಿದವರು ಅದನ್ನು ಮರೆಯಲಿಲ್ಲ.

ಮರುಪ್ರಸಾರದ ಹಕ್ಕು 1988ರಲ್ಲಿ ಮುಗಿಯಿತು. ಚಿತ್ರದಲ್ಲಿ ಬೀಟಲ್ಸ್ ತಂಡದ ಒಂದು ಹಾಡಿತ್ತು. ಅದರ ಹಕ್ಕಿನ ದುಡ್ಡು ಕೊಡುವವರಾರು ಎಂಬ ತೊಡಕೂ ಸೇರಿತು. ಚಿತ್ರ ಪೆಟ್ಟಿಗೆ ಸೇರಿತು. ಜನ ಮಾತ್ರ ಬಿಡಲಿಲ್ಲ. ಆ ಚಿತ್ರವನ್ನು ಮತ್ತೆ ತೋರಿಸಿ ಎಂದು ಕೇಳುತ್ತಲೇ ಹೋದರು. ಪಿಬಿಎಸ್‌ನ ಚರಿತ್ರೆಯಲ್ಲೇ ನೋಡುಗರು ಅತಿ ಹೆಚ್ಚು ಕೇಳಿದ ಕಾರ್ಯಕ್ರಮ ಅದು ಎಂಬ ಮಾತು ಹುಟ್ಟಿತು. ಕೊನೆಗೆ 2000ದಲ್ಲಿ, ಹಾಡನ್ನು ಬೇರೆಯವರಿಂದ ಹಾಡಿಸಿ ಸೇರಿಸಿ, ಚಿತ್ರವನ್ನು ಮತ್ತೆ ತೋರಿಸಿದರು. 20 ವರ್ಷ ಕಾದ ನೋಡುಗರು! ನಮ್ಮ ದಾದಿಯ ತದ್ವಿರುದ್ಧ ಇವರು.

ಈ ಗೆಲುವು ಕಂಡೇ ಏನೋ, 2002ರಲ್ಲಿ ಎ ಅಂಡ್ ಇ ಎಂಬ ವಾಹಿನಿ ಅದೇ ಕಾದಂಬರಿಯನ್ನು ಇನ್ನೊಮ್ಮೆ ಮಾಡಿತು. ಜೇಮ್ಸ್ ಕಾನ್‌ನಂಥ ದೊಡ್ಡ ನಟ, ಸೊಗಸಾದ ಬೆಳಕು, ನುಣುಪಾದ ಗೋಡೆಗಳು. ಅನ್ಯಗ್ರಹದವರನ್ನು ಕಥೆಯಿಂದಲೇ ಕಿತ್ತುಹಾಕಿದ್ದರು. ಲೆ ಗ್ವಿನ್‌ರನ್ನು ಯಾರೂ ಕೇಳಿರಲಿಲ್ಲ. ಹಳೆಯದನ್ನು ನೆನಪಿಟ್ಟಿದ್ದವರಿಗೆ ಉಳಿದದ್ದು ಒಂದು ಮಂಕು ಪ್ರೇಮಕಥೆ. ಅದರ ಬಗ್ಗೆ ಇಷ್ಟು ಸಾಕು.

ನಿಜವಾದ ಗಾಯ ಆದದ್ದು 2004ರಲ್ಲಿ, 'ಅರ್ತ್‌ಸೀ'ಯಿಂದ. ಇದನ್ನು ವಿಜ್ಞಾನ ಕಥೆ ಎನ್ನುವುದಕ್ಕಿಂತ ಮಾಯಾಲೋಕದ ಕಥೆ ಎನ್ನಬೇಕು. ಆದರೂ ಅದನ್ನು ತೋರಿಸಿದ್ದು ವಿಜ್ಞಾನ ಕಥೆಗಳಿಗೇ ಮೀಸಲಾದ, ಆಗ ಸೈ ಫೈ ಚಾನೆಲ್ ಎಂಬ ಹೆಸರಿದ್ದ ವಾಹಿನಿ. ನೋಡಿದವರೂ ಅದೇ ಓದುಗ ಬಳಗ. ನಮಗೆ ಇದರ ಮೊದಲ ಪುಸ್ತಕ 'ಎ ವಿಝರ್ಡ್ ಆಫ್ ಅರ್ತ್‌ಸೀ' ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ. ಮುಖಪುಟ ಹರಿದುಹೋಗಿತ್ತು. ಹಾಗಾಗಿ ಗೆಡ್ ಎಂಬ ಆ ಮಾಂತ್ರಿಕ ಹುಡುಗ ನೋಡಲು ಹೇಗಿದ್ದಾನೆಂದು ಯಾವ ಚಿತ್ರವೂ ನಮಗೆ ಹೇಳಿಕೊಡಲಿಲ್ಲ. ಓದುತ್ತ ಹೋದಂತೆ ಅವನು ಕೆಂಪುಗಂದು ಬಣ್ಣದವನೆಂದು ತಿಳಿಯಿತು. ಅವನ ಗೆಳೆಯ ವೆಚ್ ಇನ್ನೂ ಕಪ್ಪು. ದ್ವೀಪಗಳ ಆ ಲೋಕದ ಹೆಚ್ಚಿನವರೆಲ್ಲ ಒಂದಲ್ಲ ಒಂದು ಬಗೆಯ ಕಂದು. ಬಿಳಿಯರಿರುವುದು ಒಂದು ಮೂಲೆಯ ಕಾರ್ಗ್ ಎಂಬ ನಾಡಿನಲ್ಲಿ, ಅದೂ ಕಥೆಯ ಆರಂಭದಲ್ಲೇ ಹಳ್ಳಿ ಸುಡಲು ಬರುವ ದಾಳಿಕಾರರಾಗಿ.

1968ರಲ್ಲಿ ಹೀಗೆ ಬರೆದದ್ದು ಆಕಸ್ಮಿಕವಲ್ಲ. ಇಂಥ ಕಥೆಗಳ ನಾಯಕರೆಲ್ಲ ಬಿಳಿಯರೇ ಯಾಕಿರಬೇಕು ಎಂದು ಯೋಚಿಸಿ, ಬೇಕೆಂದೇ ಮಾಡಿದ್ದೆಂದು ಲೆ ಗ್ವಿನ್ ಹೇಳಿದ್ದಾರೆ. ಮೊದಲ ಪುಟದಲ್ಲೇ ಸಾರದೆ, ಓದುಗ ಹುಡುಗನೊಳಗೆ ಪೂರ್ತಿ ಇಳಿದ ಮೇಲೆ ಅವನ ಬಣ್ಣ ಕಾಣಿಸಿದರು. ಪ್ರಕಾಶಕರು ಆದರೂ ಬಿಡಲಿಲ್ಲ. ರೂತ್ ರಾಬಿನ್ಸ್ ಮೊದಲ ಆವೃತ್ತಿಗೆ ಬಿಡಿಸಿದ ಮುಖಪುಟ ಸರಿಯಾಗಿತ್ತು, ಮುಂದೆ ಎಷ್ಟೋ ಮುಖಪುಟಗಳಲ್ಲಿ ಗೆಡ್ ಬೆಳ್ಳಗಾದ. ಅದಕ್ಕಾಗಿ ಆಕೆ ಪ್ರಕಾಶಕರೊಂದಿಗೆ ವರ್ಷಗಟ್ಟಲೆ ಜಗಳಾಡಿದರು. ಇತ್ತ ಕಪ್ಪು, ಕಂದು ಬಣ್ಣದ ಓದುಗರು, ಇಂಥ ಕಥೆಗಳಲ್ಲಿ ನಮಗೂ ಜಾಗವಿದೆಯೆಂದು ಚಿಕ್ಕಂದಿನಲ್ಲಿ ಮೊದಲು ತಿಳಿದದ್ದು ನಿಮ್ಮ ಪುಸ್ತಕದಿಂದ ಎಂದು ಆಕೆಗೆ ಹೇಳುತ್ತಿದ್ದರು.

ಆ ಓದುಗರು 2004ರ ಡಿಸೆಂಬರ್ 13 ಮತ್ತು 14ರಂದು ಟೀವಿ ಹಾಕಿ ಕೂತರು. ತೆರೆಯ ಮೇಲೆ ಬಂದ ಗೆಡ್ ಬಿಳಿಯ ಹುಡುಗ. ವೆಚ್ ಕೂಡ ಬಿಳಿಯ. ಕಪ್ಪು ಮುಖವೆಂದು ಎದ್ದು ಕಂಡದ್ದು ಗುರು ಓಗಿಯನ್ ಪಾತ್ರದ ಡ್ಯಾನಿ ಗ್ಲೋವರ್. ಪುಸ್ತಕದಲ್ಲಿ ಬಿಳಿಯಳಾದ ಟೆನಾರ್ ಪಾತ್ರಕ್ಕೆ, ಚೀನೀ ಮೂಲದ ತಾಯಿಯ ಮಗಳಾದ ಕ್ರಿಸ್ಟಿನ್ ಕ್ರೂಕ್! ಲೋಕವನ್ನು ಅಂಗಿ ತಿರುವಿ ಹಾಕಿದಂತೆ ತಿರುವಿ ಹಾಕಿದ್ದರು.

ಲೆ ಗ್ವಿನ್ ಒಪ್ಪಂದಕ್ಕೆ ಸಹಿ ಹಾಕುವಾಗ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಫಿಲಿಪಾ ಬಾಯೆನ್ಸ್ ಇದನ್ನೂ ಬರೆಯುತ್ತಾರೆಂಬ ಮಾತಿತ್ತು. ಅದು ಆಗಲಿಲ್ಲ. ಆಕೆಗೆ 'ಸಲಹೆಗಾರ್ತಿ' ಎಂಬ ಹೆಸರೇನೋ ಕೊಟ್ಟರು. ಚಿತ್ರಕಥೆ ಅವರ ಕೈಗೆ ಬರುವ ಹೊತ್ತಿಗೆ ಚಿತ್ರೀಕರಣ ಶುರುವಾಗಿಬಿಟ್ಟಿತ್ತು. ಮೇಲಾಗಿ ನಿರ್ದೇಶಕರು, ಲೇಖಕಿಯ ಇಂಗಿತ ಏನಿತ್ತೆಂದು ಪತ್ರಿಕೆಯಲ್ಲಿ ತಾವೇ ವಿವರಿಸಿದರು. ಬದುಕಿರುವ ಲೇಖಕಿಯ ಬಾಯಿಗೆ ಮಾತು ತುರುಕಬೇಡಿ ಎಂದು ಆಕೆ ಉತ್ತರ ಕೊಡಬೇಕಾಯಿತು. ಪ್ರಸಾರ ಮುಗಿದ ಎರಡೇ ದಿನಕ್ಕೆ 'ಸ್ಲೇಟ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸುಣ್ಣ ಬಳಿದ ಅರ್ತ್‌ಸೀ ಎಂಬ ಅರ್ಥದ ತಲೆಬರಹ.

ಬಣ್ಣದ ಜೊತೆಗೆ ಇನ್ನೊಂದು ತಪ್ಪೂ ಆಗಿತ್ತು. ಕಾದಂಬರಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಊರವರು ಕರೆಯುವುದು ಒಂದು. ಆಪ್ತರಿಗೆ ಮಾತ್ರ ಹೇಳುವ ನಿಜನಾಮ ಇನ್ನೊಂದು, ಅದು ಪರರ ಕೈಗೆ ಸಿಕ್ಕರೆ ಪ್ರಾಣವೇ ಸಿಕ್ಕಂತೆ. ನಾಯಕನ ನಿಜನಾಮ ಗೆಡ್, ಕರೆಯುವ ಹೆಸರು ಸ್ಪ್ಯಾರೋಹಾಕ್. ಟೀವಿಯವರು ಇವೆರಡನ್ನೂ ಅದಲು ಬದಲು ಮಾಡಿದರು. ಅಲ್ಲಿ ಸಿಕ್ಕಸಿಕ್ಕವರೆಲ್ಲ ಅವನನ್ನು ಗೆಡ್ ಎಂದು ಕೂಗುತ್ತಾರೆ. ಅಖೀಕಾದ ದಿನ ಇಟ್ಟ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು ಇಟ್ಟುಕೊಂಡು ಬೆಳೆದ ನಮಗೆ ಇದು ಸಣ್ಣ ತಪ್ಪೆಂದು ಅನ್ನಿಸಲಿಲ್ಲ. ಲೆ ಗ್ವಿನ್‌ರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞ. ತನ್ನ ಯಾಹಿ ಬುಡಕಟ್ಟಿನವರೆಲ್ಲ ಬಿಳಿಯರ ಕೈಯಲ್ಲಿ ನಾಶವಾದ ಮೇಲೆ ಉಳಿದ ಒಬ್ಬನೇ ಒಬ್ಬ 1911ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಬಳಿ ಕಾಣಿಸಿಕೊಂಡ. ತನ್ನ ಹೆಸರನ್ನು ತಾನೇ ಹೇಳುವುದು ಅವರಲ್ಲಿ ಸಲ್ಲದು. ಅವನ ಪರವಾಗಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು, ಅವನ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ಬದುಕಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ನಿಜವಾದ ಹೆಸರು ಅವನೊಂದಿಗೇ ಹೋಯಿತು. ಅವನ ಕಥೆಯನ್ನು 1961ರಲ್ಲಿ ಪುಸ್ತಕವಾಗಿ ಬರೆದವರು ಲೆ ಗ್ವಿನ್‌ರ ತಾಯಿ ಥಿಯೊಡೋರಾ. ಅಂಥ ಮನೆಯ ಮಗಳು ಹೆಸರಿಗೂ ಬಣ್ಣಕ್ಕೂ ಇಷ್ಟು ಬೆಲೆ ಕೊಟ್ಟದ್ದರಲ್ಲಿ ನಮಗೇನೂ ಆಶ್ಚರ್ಯವಿಲ್ಲ.

ಪಾತ್ರಗಳಿಗೆ ನಟರನ್ನು ಆರಿಸುವಾಗ ನಾವು ಬಣ್ಣ ನೋಡುವುದಿಲ್ಲ ಎನ್ನುವ ಸಬೂಬು ಇಂಥಲ್ಲೆಲ್ಲ ಕೇಳಿಬರುತ್ತದೆ. ಬಣ್ಣ ಕಾಣದಿರುವ ಸವಲತ್ತು ಬಿಳಿಯರಿಗೆ ಮಾತ್ರ ಇದೆ, ಮಿಕ್ಕವರಿಗಿಲ್ಲ ಎಂದು ಲೆ ಗ್ವಿನ್ ಬರೆದರು. ನಮಗೆ ಡಾಕ್ಟರ್ ಹೇಬರ್ ನೆನಪಾದ. ಅವನಾದರೂ ಎಲ್ಲರನ್ನೂ ಸಮನಾಗಿ ಬೂದು ಮಾಡಿದ್ದ. ಇವರ ಬೂದು ಪ್ರತಿಸಲವೂ ಬಿಳಿಯ ಕಡೆಗೇ ವಾಲುತ್ತದೆ.

ನಮ್ಮ ಅನುಭವವೊಂದನ್ನು ಇಲ್ಲಿ ಹೇಳಿದರೆ ಓದುಗರು ಮನ್ನಿಸಬೇಕು. ಹಲವು ವರ್ಷಗಳ ಹಿಂದೆ ನಮ್ಮ ಒಂದು ಕಥೆ ಕನ್ನಡದ ವಾಹಿನಿಯೊಂದರಲ್ಲಿ ಟೆಲಿಚಿತ್ರವಾಯಿತು. ಕಥೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಬಾಯ್ತುಂಬ ಧಾರವಾಡದ ಕನ್ನಡ ಆಡುವವನು, ಊರಿನ ಮದುವೆಗಳಿಗೆಲ್ಲ ಕುಪ್ಪಸ ಹೊಲಿಯುವವನು. ಟೀವಿಯಲ್ಲಿ ಅವನ ಕಣ್ಣಿಗೆ ಸುರಮಾ, ಕೊರಳಿಗೆ ತಾಯಿತ, ಹಿಂದೆ ಹಸಿರು ಪರದೆ. ಮಾತು 'ಅರೇ ಅಲ್ಲಾ, ನಮ್ದುಕೆ ನಿಮ್ದುಕೆ'. ಮರುದಿನ ಊರಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು, 'ಏನ್ರೀ ಸಾಹೇಬ್ರ, ನಮ್ಮ ದರ್ಜಿ ಯಾವತ್ತ ಹಿಂಗ ಮಾತಾಡಿದ್ದ?' ಎಂದು ಕೇಳಿದರು. ಅವರು ಮುಸ್ಲಿಮರಲ್ಲ. ಅವರಿಗೂ ಆ ದರ್ಜಿ ಗೊತ್ತಿದ್ದ, ಅವರ ಮಕ್ಕಳ ಅಂಗಿ ಹೊಲಿದವನು. ಅರ್ತ್‌ಸೀಯಲ್ಲಿ ಇದ್ದ ಬಣ್ಣ ತೊಳೆದರು, ನಮ್ಮಲ್ಲಿ ಇಲ್ಲದ ಬಣ್ಣ ಮೆತ್ತಿದರು. ದುಡ್ಡಿನ ಕೊರತೆಯಿಂದ ಆದ ತಪ್ಪುಗಳಲ್ಲ ಇವು. ಸುರಮಾಕ್ಕೂ ದುಡ್ಡು ಬೇಕಲ್ಲ.

2006ರಲ್ಲಿ ಜಪಾನಿನ ಗೋರೊ ಮಿಯಾಝಾಕಿ ಅರ್ತ್‌ಸೀಯನ್ನು ಅನಿಮೇಷನ್ ಚಿತ್ರ ಮಾಡಿದರು. ಅದು ನನ್ನ ಪುಸ್ತಕವಲ್ಲ, ನಿಮ್ಮ ಚಿತ್ರ ಎಂದು ಲೆ ಗ್ವಿನ್ ಅವರಿಗೆ ಸೌಜನ್ಯದಿಂದಲೇ ಹೇಳಿದರು. ಕೊನೆಯ ವರ್ಷಗಳಲ್ಲಿ ಆಕೆ ಚಿತ್ರಕಾರ ಚಾರ್ಲ್ಸ್ ವೆಸ್ ಜೊತೆ ಕೂತು ಅರ್ತ್‌ಸೀಯ ಎಲ್ಲ ಕಥೆಗಳ ಒಂದು ದೊಡ್ಡ ಸಚಿತ್ರ ಸಂಪುಟ ಸಿದ್ಧಪಡಿಸುತ್ತಿದ್ದರು. ಆತ ಬಿಡಿಸುವುದು, ಆಕೆ ನೋಡಿ ತಿದ್ದಿಸುವುದು. 2018ರ ಜನವರಿ 22ರಂದು ಪೋರ್ಟ್‌ಲ್ಯಾಂಡಿನಲ್ಲಿ, 88ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಸಂಪುಟ ಅಚ್ಚಾಗಿ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಮೊದಲ ಪುಸ್ತಕಕ್ಕೆ 50 ವರ್ಷ ತುಂಬಿದಾಗ. ಅದರೊಳಗಿನ ಗೆಡ್ ಕಂದು ಬಣ್ಣದವನು.