ಗುಳೆ ಹೋಗುವವರ ಜಮಾಖರ್ಚು

ಹವೆ ಹೇಗೆ, ಬಾಡಿಗೆ ಎಷ್ಟು, ದಿನಸಿ ತುಟ್ಟಿಯೋ ಅಗ್ಗವೋ ಎಂದು ತೂಗಿನೋಡಿ ಊರು ಆರಿಸುವುದು ಪಗಾರದಾರರ ಈಚಿನ ರೂಢಿ ಎಂದುಕೊಂಡವರು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗುಳೆಯ ಕಥೆ ಕೇಳಬೇಕು. ಇಲ್ಲಿನ ಎರೆಭೂಮಿಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ, ಅದನ್ನೂ ನೆಚ್ಚುವಂತಿಲ್ಲ. ಗುಳೆ ಎಂಬುದು ಬರಗಾಲದ ಓಟ, ಅದರಲ್ಲಿ ಆಯ್ಕೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. 1876–78ರ ಬರಕ್ಕೆ ಈ ಮಾತು ನಿಜ. ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಿಂದ 1881ರೊಳಗೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಅಂಥ ಹೊತ್ತಿನಲ್ಲಿ ಯಾರು ಲೆಕ್ಕ ಹಾಕುತ್ತಾರೆ? ಆದರೆ ಊರು ಬಿಡಿಸಿದ್ದು ಬರವಾದರೂ ಯಾವ ಊರು ಸೇರಬೇಕೆಂಬುದನ್ನು ಬರ ಹೇಳಿಕೊಡಲಿಲ್ಲ. ಆ ಬರದ ಪಾಠದಿಂದಲೇ ಹುಟ್ಟಿದ ಹೊಟಗಿ–ಗದಗ ರೈಲುದಾರಿ 1884ರಲ್ಲಿ ತೆರೆದ ಮೇಲೆ ಸೊಲ್ಲಾಪುರದ ಹತ್ತಿಗಿರಣಿಗಳು ಹತ್ತಿರವಾದವು. ಅಲ್ಲಿ ಕೂಲಿಯ ಜೊತೆಗೆ ಊರಿನಂಥದೇ ಒಣಹವೆ, ಊಟಕ್ಕೆ ಅದೇ ಜೋಳದ ರೊಟ್ಟಿ, ಪೇಟೆಯಲ್ಲಿ ಕನ್ನಡದ ಮಾತು. ಹೊಸಬನಿಗೆ ಇವೆಲ್ಲ ಉಳಿತಾಯದ ಬಾಬ್ತುಗಳೇ.

ಈ ಲೆಕ್ಕ ಸ್ವಚ್ಛವಾಗಿ ಕಾಣುವುದು ಗೋವಾದಲ್ಲಿ. 1961ರಲ್ಲಿ ಪೋರ್ಚುಗೀಸರು ಹೋದ ಮೇಲೆ ಅಲ್ಲಿ ಕಟ್ಟಡ, ರಸ್ತೆ, ಬಂದರಿನ ಕೆಲಸ ಬೆಳೆಯಿತು. ವಾಸ್ಕೋದ ಸುತ್ತ ವಿಜಯಪುರ ಕಡೆಯವರ ಗುಡಿಸಲುಗಳೂ ಬೆಳೆದವು. ಕೂಲಿ ಊರಿಗಿಂತ ಹೆಚ್ಚು. ಬರೀ ಕೂಲಿಯೇ ಮುಖ್ಯವಾಗಿದ್ದರೆ ಅಷ್ಟು ಮಂದಿ ಜೂನ್ ಹೊತ್ತಿಗೆ ಬಸ್ಸು ಹತ್ತಿ ತಿರುಗಿ ಬರುತ್ತಿರಲಿಲ್ಲ. ಗೋವಾದ ಮಳೆ ಸುಮಾರು 3000 ಮಿ.ಮೀ., ನಮ್ಮದರ ಐದು ಪಟ್ಟು; ಮಳೆ ಹಿಡಿಯಿತೆಂದರೆ ಗಾರೆ ಕೆಲಸ ನಿಂತಿತು, ತಗಡು ಸೋರಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಅದೇ ಹೊತ್ತಿಗೆ ಊರಲ್ಲಿ ತೊಗರಿ ಬಿತ್ತನೆ. ಸುಗ್ಗಿ ಮುಗಿಸಿ ಮತ್ತೆ ಹೊರಟಾಗ ಗಂಟಿನಲ್ಲಿ ಜೋಳದ ಹಿಟ್ಟು, ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅಕ್ಕಿ-ಮೀನಿನ ನಾಡಿನಲ್ಲಿ ದುಡಿದು ಹೊಲದ ಜೋಳವನ್ನೇ ಉಂಡರೆ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಎತ್ತಿನ ಬಂಡಿಯೊಡನೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವವರದಂತೂ ಇನ್ನೂ ಸೂಕ್ಷ್ಮ: ಕಡಿದ ಕಬ್ಬಿನ ಹಸಿರು ಸೋಗೆ ಎತ್ತಿಗೆ ಮೇವಾಗುತ್ತದೆ. ಬೇಸಿಗೆಯಲ್ಲಿ ಕಣಿಕೆಯ ದರ ಕೇಳಿದವರಿಗೆ ಇದರ ಬೆಲೆ ಗೊತ್ತು.

ಇದೆಲ್ಲ ಕೂಲಿಕಾರರನ್ನು ಕರೆದೊಯ್ಯುವ ಮುಕಾದಮನ ಮುಂಗಡ ಮತ್ತು ಬೀಗರ ಮಾತು ನಡೆಸಿದಂತೆ ನಡೆಯುತ್ತದೆ, ಲೆಕ್ಕವೆಂಬುದು ಬರೆಯುವವರ ಕಲ್ಪನೆ ಎಂಬ ಆಕ್ಷೇಪ ಸುಳ್ಳಲ್ಲ. ಮುಂಗಡ ಹಿಡಿದವನ ಕೈಕಾಲು ಕಟ್ಟಿದಂತೆಯೇ. ಬೀಗರ ಮಾತನ್ನು ಮಾತ್ರ ನಾನು ಲೆಕ್ಕದ ಹೊರಗೆ ಇಡಲಾರೆ. ಹೋಗಿ ಬಂದವರು ಹೇಳುತ್ತಿದ್ದ ಬಾಡಿಗೆ, ನೀರು, ಅಕ್ಕಿ ದರಗಳ ಸುದ್ದಿಯೇ ಇವರ ದರಪಟ್ಟಿ. ಈ ಪಟ್ಟಿಯನ್ನು ಬುಡಮೇಲು ಮಾಡಿದ್ದು ಶಾಲೆ. ಬಿತ್ತನೆಗೆ ಊರು, ಸುಗ್ಗಿಯಾದ ಮೇಲೆ ಗೋವಾ ಎಂದು ಓಡಾಡಿದರೆ ಜೂನಿನಲ್ಲಿ ಹೆಸರು ಹಚ್ಚಿದ ಮಗುವಿನ ಪಾಠ ನಡುವರ್ಷಕ್ಕೇ ತುಂಡಾಗುತ್ತದೆ. ಹಾಗಾಗಿ ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಕೆಲವರು ಕೆಲಸವಿಲ್ಲದ ಮಳೆಗಾಲಕ್ಕೂ ಬಾಡಿಗೆ ತೆತ್ತು ಅಲ್ಲೇ ಉಳಿಯುತ್ತಾರೆ.